ಹಾಡಿ ಕಟ್ಟಿದ ಕಾಲೇಜು: ಫಿಸ್ಕ್‌ನ ಒಂಬತ್ತು ಮಂದಿ ಮತ್ತು ಒಂದು ಚಂದಾ ಕಥೆ

ನೀವೊಂದು ಕಾಲೇಜಿನ ಟ್ರಸ್ಟಿ ಅಂದುಕೊಳ್ಳಿ. ಕಾಲೇಜಿಗೆ ಐದೇ ವರ್ಷ. ಕಟ್ಟಡ ಕೊಳೆಯುತ್ತಿದೆ, ಬಾಕಿ ಏರುತ್ತಿದೆ. ಒಂದು ದಿನ ಖಜಾಂಚಿ ಬಂದು, ಪೆಟ್ಟಿಗೆಯಲ್ಲಿ ಉಳಿದಿರೋ ದುಡ್ಡು ಕೊಡಿ, ಒಂಬತ್ತು ಹುಡುಗ ಹುಡುಗಿಯರನ್ನ ಕರ್ಕೊಂಡು ಊರೂರು ಸುತ್ತಿ ಹಾಡಿಸಿ ಚಂದಾ ಎತ್ಕೊಂಡು ಬರ್ತೀನಿ ಅಂತಾನೆ. ಆತ ಕಮ್ಮಾರನ ಮಗ, ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವನಲ್ಲ. ಹಾಡುವವರ ಹತ್ತಿರ ಚಳಿಗೊಂದು ಕೋಟೂ ಇಲ್ಲ. ಹೋಗುವ ಊರುಗಳಲ್ಲಿ ಅವರಿಗೆ ಮಲಗೋಕೆ ಜಾಗ ಕೊಡ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನೀವು ಹೂಂ ಅಂತೀರಾ?

1871ರಲ್ಲಿ ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಊರಲ್ಲಿ ಫಿಸ್ಕ್ ಎಂಬ ಕಾಲೇಜಿನ ಎದುರು ಇದೇ ಪ್ರಶ್ನೆ ಬಂದಿತ್ತು. ಅದನ್ನು ನಡೆಸುತ್ತಿದ್ದ ಮಿಷನ್ ಸಂಘ ಬೆನ್ನಿಗೆ ನಿಲ್ಲಲಿಲ್ಲ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಆ ಜಾಗದಲ್ಲಿ ಕೂತಿದ್ದರೆ ನಾನೂ ಬಹುಶಃ ಬೇಡ ಅಂತಲೇ ಅನ್ನುತ್ತಿದ್ದೆ.

ಅಮೆರಿಕದ ಕಪ್ಪು ಜನರ ಕಾಲೇಜುಗಳಿಗೆ ದುಡ್ಡು ಹೇಗೆ ಬಂತು ಅಂತ ಕೇಳಿದರೆ ಸಾಮಾನ್ಯವಾಗಿ ದೊಡ್ಡ ದೊಡ್ಡ ಬಿಳಿ ಸಾಹುಕಾರರ ಹೆಸರು ಬರುತ್ತವೆ. ರಾಕ್‌ಫೆಲರ್, ಕಾರ್ನೆಗಿ, ರೋಸನ್‌ವಾಲ್ಡ್. ಅದು ಸುಳ್ಳಲ್ಲ. ಆದರೆ ಅವರೆಲ್ಲ ಬರುವುದಕ್ಕೆ ಮುಂಚೆ ನಡೆದ ಈ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಿದರೆ, ದಾನಿ ಅಂದರೆ ಯಾರು ಅನ್ನೋದೇ ಸ್ವಲ್ಪ ಗೋಜಲಾಗುತ್ತದೆ.

ಶಾಲೆ, ಸರಪಳಿ, ಸಾಲ

ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದರ ಮರುವರ್ಷ, 1866ರ ಜನವರಿ 9ರಂದು, ನ್ಯಾಶ್‌ವಿಲ್‌ನಲ್ಲಿ ಬಿಡುಗಡೆಯಾದ ಕಪ್ಪು ಜನರಿಗೆ ಅಂತ ಒಂದು ಶಾಲೆ ಶುರುವಾಯಿತು. ಶುರು ಮಾಡಿದವರು ಜಾನ್ ಓಗ್ಡನ್, ಎರಾಸ್ಟಸ್ ಕ್ರಾವತ್, ಎಡ್ವರ್ಡ್ ಸ್ಮಿತ್ ಎಂಬ ಮೂವರು. ಹಿಂದೆ ಇದ್ದದ್ದು ಅಮೆರಿಕನ್ ಮಿಷನರಿ ಅಸೋಸಿಯೇಷನ್. ಜನರಲ್ ಕ್ಲಿಂಟನ್ ಫಿಸ್ಕ್ ಎಂಬ ಸೇನಾಧಿಕಾರಿ, ಉತ್ತರದ ಸೈನ್ಯ ಬಿಟ್ಟುಹೋದ ಆಸ್ಪತ್ರೆ ಶೆಡ್ಡುಗಳನ್ನು ಶಾಲೆಗೆ ಕೊಡಿಸಿದ. ಹಾಗಾಗಿ ಅವನ ಹೆಸರೇ ಉಳಿಯಿತು. ಏಳು ವರ್ಷದ ಮಕ್ಕಳಿಂದ ಹಿಡಿದು ಎಪ್ಪತ್ತು ವರ್ಷದ ಮುದುಕರವರೆಗೆ ಎಲ್ಲರೂ ಬಂದು ಬೆಂಚಿನ ಮೇಲೆ ಕೂತರು. ಓದು ಕಲಿಸಿದರೆ ಶಿಕ್ಷೆ ಅಂತಿದ್ದ ಕಾಲ ಈಗಷ್ಟೇ ಮುಗಿದಿತ್ತಲ್ಲ, ನೂಕುನುಗ್ಗಲು ಆಗದೆ ಇರುತ್ತದೆಯೇ?

ಫಿಸ್ಕ್‌ನವರು ಈಗಲೂ ಹೇಳಿಕೊಳ್ಳುವ ಒಂದು ಸಂಗತಿ ಇದೆ. ಊರಿನಲ್ಲಿ ಗುಲಾಮರನ್ನು ಕೂಡಿ ಹಾಕುತ್ತಿದ್ದ ದೊಡ್ಡಿಗಳಿದ್ದವು. ಅಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕೈಕೋಳ, ಸರಪಳಿಗಳನ್ನು ವಿದ್ಯಾರ್ಥಿಗಳು ಆರಿಸಿ ತಂದರು. ಗುಜರಿಗೆ ಮಾರಿದರು. ಬಂದ ದುಡ್ಡಲ್ಲಿ ಕಾಗುಣಿತದ ಪುಸ್ತಕ, ಬೈಬಲ್ ಕೊಂಡರು. ಈ ಕಾಲೇಜಿನ ಚಂದಾ ಇತಿಹಾಸ ನಿಜವಾಗಿ ಶುರುವಾಗೋದು ಅಲ್ಲಿಂದ. ಯಾವ ಸಾಹುಕಾರನ ಚೆಕ್‌ನಿಂದಲೂ ಅಲ್ಲ, ಗುಜರಿ ತಕ್ಕಡಿಯಿಂದ.

ಆದರೆ ಗುಜರಿ ಮಾರಿ ಎಷ್ಟು ದಿನ ನಡೆಸೋಕಾಗುತ್ತೆ? ಶೆಡ್ಡುಗಳನ್ನು ಕಟ್ಟಿದ್ದು ಯುದ್ಧದ ಅವಸರಕ್ಕೆ, ಹತ್ತು ವರ್ಷ ಬಾಳಲಿ ಅಂತಲ್ಲ. ಹಲಗೆಗಳು ಕೊಳೆತವು, ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಊಟದ ಗತಿ ಹೇಗಿತ್ತು ಅಂದರೆ, ಹಾಸ್ಟೆಲ್ಲಿನ ದನದ ಮಾಂಸ ಅಗಿಯೋಕೇ ಬರುತ್ತಿರಲಿಲ್ಲ. ಹುಡುಗರು ಅದಕ್ಕೆ ‘ಓಲ್ಡ್ ಬೆನ್’ ಅಂತ ಹೆಸರಿಟ್ಟಿದ್ದರು. ದಾರಿಯಲ್ಲಿ ಹಸು ಎದುರಾದಾಗಲೆಲ್ಲ ಕ್ಷಮೆ ಕೇಳಬೇಕು ಅನಿಸುತ್ತೆ ಅಂತ ತಮಾಷೆ ಮಾಡುತ್ತಿದ್ದರಂತೆ. ಇದನ್ನು ಬರೆದಿಟ್ಟವಳು ಎಲಾ ಶೆಪರ್ಡ್. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಅವಳೇ.

ಎಲಾ ಹುಟ್ಟಿದ್ದು 1851ರಲ್ಲಿ, ಗುಲಾಮಳಾಗಿ. ಅವಳಪ್ಪ ದುಡಿದು ಉಳಿಸಿ ಮೊದಲು ತನ್ನನ್ನು ತಾನು ಬಿಡಿಸಿಕೊಂಡ. ಆಮೇಲೆ 350 ಡಾಲರ್ ಕೊಟ್ಟು ಮಗಳನ್ನು ಬಿಡಿಸಿಕೊಂಡ. ಅಮ್ಮನನ್ನು ಬಿಡಿಸಿಕೊಳ್ಳೋಕೆ ಒಡೆಯರು ಬಿಡಲಿಲ್ಲ. ಅಪ್ಪ ಸಾಲದಲ್ಲಿ ಸಿಕ್ಕಿಬಿದ್ದಾಗ, ಸಾಲ ಕೊಟ್ಟವರು ಮಗಳನ್ನೇ ಜಪ್ತಿ ಮಾಡಿಯಾರು ಅಂತ ಹೆದರಿ ಸಿನ್ಸಿನಾಟಿಗೆ ಓಡಿದರು. ಹೌದು, ಎಮ್ಮೆ ಹಸು ಜಪ್ತಿ ಮಾಡಿದ ಹಾಗೆ. ಸಿನ್ಸಿನಾಟಿಯಲ್ಲಿ ಅವಳಿಗೆ ಪಿಯಾನೊ ಕಲಿಯುವ ಆಸೆ. ಒಬ್ಬ ಬಿಳಿ ಸಂಗೀತ ಟೀಚರು ಒಪ್ಪಿಕೊಂಡರು, ಷರತ್ತಿನ ಮೇಲೆ. ರಾತ್ರಿ ಹೊತ್ತು ಬರಬೇಕು, ಹಿಂಬಾಗಿಲಿಂದ ಬರಬೇಕು, ಯಾರಿಗೂ ಹೇಳಬಾರದು. ಹಾಗೆ ಸಿಕ್ಕಿದ್ದು ಹನ್ನೆರಡು ಪಾಠ. ಅಷ್ಟು ಬಂಡವಾಳ ಇಟ್ಟುಕೊಂಡು ಅವಳು ಫಿಸ್ಕ್‌ಗೆ ಬಂದು ಓದುತ್ತಾ ಓದುತ್ತಾ ಅಲ್ಲೇ ಸಂಗೀತ ಕಲಿಸತೊಡಗಿದಳು. ಫಿಸ್ಕ್‌ನಲ್ಲಿ ಪಾಠ ಹೇಳಿದ ಮೊದಲ ಕಪ್ಪು ಅಧ್ಯಾಪಕಿ ಅವಳು.

ಬೂದು ಶಾಲು

ಖಜಾಂಚಿಯ ಹೆಸರು ಜಾರ್ಜ್ ವೈಟ್. ನ್ಯೂಯಾರ್ಕ್ ರಾಜ್ಯದವನು, ಯುದ್ಧದಲ್ಲಿ ಉತ್ತರದ ಪರ ಹೋರಾಡಿ ಬಂದವನು. ಲೆಕ್ಕ ಬರೆಯೋದು ಅವನ ಕೆಲಸ, ಹಾಡಿಸೋದು ಅವನ ಹುಚ್ಚು. ವಿದ್ಯಾರ್ಥಿಗಳ ಒಂದು ಗುಂಪು ಕಟ್ಟಿ, ಅಕ್ಕಪಕ್ಕದ ಊರುಗಳಲ್ಲಿ ಸಣ್ಣಪುಟ್ಟ ಕಾರ್ಯಕ್ರಮ ಮಾಡಿಸಿದ್ದ. ಬಿಳಿಯರೂ ಬಂದು ಕೇಳಿ ತಲೆದೂಗಿದ್ದರು. ಈ ಧೈರ್ಯದ ಮೇಲೆ ಉತ್ತರಕ್ಕೆ ಹೋಗೋಣ ಅಂದ.

ಸಂಘ ಬೇಡ ಅಂದಮೇಲೂ ಆತ ನಿಲ್ಲಲಿಲ್ಲ. ಕೈಲಿದ್ದ ಸ್ವಂತ ದುಡ್ಡು, ಶಾಲೆಯ ಪೆಟ್ಟಿಗೆ ಕೊಡಬಹುದಾದಷ್ಟು, ಅಲ್ಲಿ ಇಲ್ಲಿ ಕೈಗಡ ತಂದದ್ದು, ಎಲ್ಲ ಸೇರಿಸಿ 1871ರ ಅಕ್ಟೋಬರ್ 6ರಂದು ರೈಲು ಹತ್ತಿದರು. ಹಾಡುವವರು ಒಂಬತ್ತು ಮಂದಿ. ಎಲಾ ಶೆಪರ್ಡ್, ಮ್ಯಾಗಿ ಪೋರ್ಟರ್, ಜೆನ್ನಿ ಜಾಕ್ಸನ್, ಮಿನ್ನಿ ಟೇಟ್, ಎಲೈಜಾ ವಾಕರ್, ಐಸಾಕ್ ಡಿಕರ್‌ಸನ್, ಬೆಂಜಮಿನ್ ಹೋಮ್ಸ್, ಥಾಮಸ್ ರಟ್ಲಿಂಗ್, ಗ್ರೀನ್ ಇವಾನ್ಸ್. ಮಿನ್ನಿಗೆ ಆಗ ಬರೀ ಹದಿನಾಲ್ಕು. ಹೆಚ್ಚಿನವರು ಆರು ವರ್ಷದ ಹಿಂದಿನವರೆಗೂ ಕಾನೂನಿನ ಪ್ರಕಾರ ಇನ್ನೊಬ್ಬರ ಆಸ್ತಿ.

ಎಲಾ ಬರೆದ ಒಂದು ಸಾಲು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅವರಲ್ಲಿ ಒಬ್ಬರ ಹತ್ತಿರವೂ ಮೇಲಂಗಿ ಇರಲಿಲ್ಲ, ವೈಟ್ ಹತ್ತಿರ ಒಂದು ಹಳೇ ಬೂದು ಶಾಲು ಇತ್ತು. ಅಷ್ಟೇ. ಅಮೆರಿಕದ ಉತ್ತರ ರಾಜ್ಯಗಳ ಚಳಿಗಾಲ ಎದುರಿಗಿದೆ, ಹತ್ತು ಜನ, ಒಂದು ಶಾಲು.

ಮೊದಲ ಕಾರ್ಯಕ್ರಮಗಳು ಓಹಾಯೋ ರಾಜ್ಯದಲ್ಲಿ. ಆಗತಾನೇ ಶಿಕಾಗೊ ನಗರಕ್ಕೆ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟುಹೋಗಿತ್ತು. ಹಾಡಿ ಬಂದ ಮೊದಮೊದಲ ದುಡ್ಡನ್ನು, ಐವತ್ತು ಡಾಲರಿಗೂ ಕಮ್ಮಿ ಇದ್ದಿರಬಹುದು, ಈ ಮಂದಿ ಬೆಂಕಿ ಪರಿಹಾರಕ್ಕೆ ಕೊಟ್ಟುಬಿಟ್ಟರು! ಖಜಾಂಚಿಯ ಲೆಕ್ಕದಲ್ಲಿ ನೋಡಿದರೆ ಇದು ಹುಚ್ಚುತನ. ತಮ್ಮ ಕಾಲೇಜಿಗೆ ಬೇಡಿ ಹೊರಟವರು, ರಾತ್ರಿ ಊಟಕ್ಕೆ ಏನು ಅಂತ ಗೊತ್ತಿಲ್ಲದವರು, ಬಂದದ್ದನ್ನೇ ಬೇರೆಯವರಿಗೆ ಕೊಡೋದಾ? ಆದರೆ ಊರವರ ಕಣ್ಣಲ್ಲಿ ಅವರು ಆ ದಿನ ಬೇಡುವವರಾಗಿ ಉಳಿಯಲಿಲ್ಲ. ಲೆಕ್ಕ ಹಾಕಿ ಮಾಡಿದ್ದಲ್ಲ ಅದು, ಆದರೂ ಚಂದಾ ಎತ್ತುವ ಕೆಲಸದಲ್ಲಿ ಅದಕ್ಕಿಂತ ಒಳ್ಳೆ ಮೊದಲ ಹೆಜ್ಜೆ ಇಟ್ಟವರನ್ನು ನಾನು ಕಾಣೆ.

ಆಮೇಲೆ ಸುಮಾರು ದಿನ ಗತಿ ಏನೂ ಚೆನ್ನಾಗಿರಲಿಲ್ಲ. ಚರ್ಚುಗಳಲ್ಲಿ ಹಾಡುವುದು, ಕೊನೆಗೆ ಕಾಣಿಕೆ ತಟ್ಟೆ ತಿರುಗಿಸುವುದು. ತಟ್ಟೆಯಲ್ಲಿ ಬೀಳುತ್ತಿದ್ದದ್ದು ಹೋಟೆಲ್ ಬಿಲ್ಲಿಗೂ ರೈಲು ಟಿಕೆಟ್ಟಿಗೂ ಸರಿಹೋಗುತ್ತಿತ್ತು, ಕೆಲವು ಸಲ ಅದಕ್ಕೂ ಸಾಲುತ್ತಿರಲಿಲ್ಲ. ಅದೂ ಹೋಟೆಲಿನವರು ಸೇರಿಸಿಕೊಂಡರೆ ಮಾತ್ರ. ನ್ಯೂಜೆರ್ಸಿಯಲ್ಲಿ ಒಬ್ಬ ಹೋಟೆಲ್ ಮಾಲೀಕ ರೂಮು ಕೊಟ್ಟು, ಬಂದವರ ಮುಖ ನೋಡಿದ ಮೇಲೆ ಹೊರಗೆ ಕಳಿಸಿದ. ಯಾಕೆ ಗೊತ್ತಾ? ಆಗ ಅಮೆರಿಕದಲ್ಲಿ ‘ಮಿನ್‌ಸ್ಟ್ರೆಲ್’ ಆಟಗಳ ಹಾವಳಿ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸಿ ಕುಣಿಯುವ ಆಟ. ಇವರೂ ಹಾಗೇ ಮಸಿ ಬಳಿದುಕೊಳ್ಳುವ ಬಿಳಿಯರು ಅಂತ ತಿಳಿದು ರೂಮು ಕೊಟ್ಟಿದ್ದ ಪುಣ್ಯಾತ್ಮ. ಬಣ್ಣ ಅಸಲಿ ಅಂತ ಗೊತ್ತಾಗಿದ್ದೇ ತಡ, ಬಾಗಿಲು ಮುಚ್ಚಿದ.

ಯಾವ ಹಾಡು?

ಪ್ರಕರಣದ ತಿರುವು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶುರುವಿನಲ್ಲಿ ಇವರು ಹಾಡುತ್ತಿದ್ದದ್ದು ಬಿಳಿಯರ ಹಾಡುಗಳನ್ನೇ. ಆ ಕಾಲದ ಭಾವಗೀತೆ, ದೇಶಭಕ್ತಿ ಗೀತೆ, ಚರ್ಚಿನ ದೊಡ್ಡ ಸಂಗೀತ ಕೃತಿಗಳು. ನಾವೂ ನಿಮ್ಮಷ್ಟೇ ಓದಿದವರು, ನಿಮ್ಮ ಸಂಗೀತ ನಮಗೂ ಬರುತ್ತೆ ಅಂತ ತೋರಿಸುವ ಹಟ. ಗುಲಾಮಗಿರಿಯ ಕಾಲದಲ್ಲಿ ಅಪ್ಪ ಅಮ್ಮ ಹೊಲದಲ್ಲಿ, ರಾತ್ರಿ ಕದ್ದು ನಡೆಸುತ್ತಿದ್ದ ಪ್ರಾರ್ಥನೆಯಲ್ಲಿ ಹಾಡುತ್ತಿದ್ದ ಹಾಡುಗಳು, ಅಂದರೆ ಇವತ್ತು ‘ಸ್ಪಿರಿಚುವಲ್’ ಅಂತ ಕರೆಯುವ ಆ ಹಾಡುಗಳು, ಇವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದನ್ನು ಬಿಳಿಯರ ಮುಂದೆ ಹಾಡೋದಾ? ಆ ಯೋಚನೆಯೇ ತಮಗೆ ಬಂದಿರಲಿಲ್ಲ ಅಂತ ಎಲಾ ಬರೆಯುತ್ತಾಳೆ. ಅವು ಮರೆಯಬೇಕಾದ ಕತ್ತಲ ಕಾಲದ ಹಾಡುಗಳು. ಜೊತೆಗೆ ಹೆತ್ತವರಿಗೆ ಪವಿತ್ರವಾದವು. ಮಾರಾಟಕ್ಕಿಡುವ ಸಾಮಾನಲ್ಲ.

ಆದರೂ ಒಬ್ಬೊಬ್ಬರೇ ನೆನಪು ಮಾಡಿಕೊಂಡು ಹಾಡತೊಡಗಿದ್ದರು. ಫಿಸ್ಕ್‌ನ ಪ್ರೊಫೆಸರ್ ಸ್ಪೆನ್ಸ್ ಮನೆಯಲ್ಲಿ, ಕುರ್ಚಿ ಸಾಲದೆ ನೆಲದ ಮೇಲೆ ಕೂತು, ಹೊರಗೆ ಕೇಳದ ಹಾಗೆ ಮೆಲ್ಲಗೆ. ವೈಟ್ ಕಿವಿಗೊಟ್ಟು ಕೇಳಿದ, ತಿದ್ದಿದ. ಅವನಿಗೆ ಒಂದು ಗೀಳಿತ್ತು, ಸಣ್ಣ ದನಿಯ ಗೀಳು. ಹುಲಿ ಹಿಂದೆ ಬಂದು ಹೆಜ್ಜೆ ಇಟ್ಟರೆ ಸದ್ದು ಎಷ್ಟು ಕಮ್ಮಿ, ಆದರೆ ಹುಲಿಯ ಪೂರ್ತಿ ಬಲ ಆ ಹೆಜ್ಜೆಯಲ್ಲಿ ಇರುತ್ತಲ್ಲ, ಹಾಗೆ ಹಾಡಿ ಅಂತ ಹೇಳಿಕೊಡುತ್ತಿದ್ದನಂತೆ.

1871ರ ನವೆಂಬರ್‌ನಲ್ಲಿ ಓಹಾಯೋದ ಓಬರ್ಲಿನ್‌ನಲ್ಲಿ ಕಾಂಗ್ರಿಗೇಷನಲ್ ಪಂಥದ ಚರ್ಚುಗಳ ರಾಷ್ಟ್ರೀಯ ಸಭೆ. ದೇಶದ ಮೂಲೆಮೂಲೆಯಿಂದ ಪಾದ್ರಿಗಳು ಬಂದಿದ್ದರು. ಇವರಿಗೆ ಹಾಡಲು ಸ್ವಲ್ಪ ಹೊತ್ತು ಕೊಟ್ಟರು. ಸಭೆಯಲ್ಲಿ ಗುಜುಗುಜು, ಯಾರೂ ಕಿವಿಗೊಡುವ ಸ್ಥಿತಿಯಲ್ಲಿಲ್ಲ. ಆಗ ಹಳೇ ಹಾಡೊಂದನ್ನು ಕೇಳಿಸಿತೋ ಇಲ್ಲವೋ ಅನ್ನುವ ದನಿಯಲ್ಲಿ ಎತ್ತಿಕೊಂಡರು. ಗುಜುಗುಜು ನಿಂತಿತು. ಮುಗಿದ ಮೇಲೆ ಆ ಪಾದ್ರಿಗಳು ಒಬ್ಬೊಬ್ಬರೂ ತಮ್ಮ ತಮ್ಮ ಊರಿಗೆ ಹೋಗಿ ಹೇಳಿದ ಮಾತೇ ಮುಂದಿನ ತಿರುಗಾಟಕ್ಕೆ ದಾರಿಯಾಯಿತು.

ಅದಕ್ಕೆ ಎರಡು ವಾರ ಮುಂಚೆ ಕೊಲಂಬಸ್ ಊರಲ್ಲಿ ಇನ್ನೊಂದು ಕೆಲಸ ಆಗಿತ್ತು. ತಂಡಕ್ಕೆ ಹೆಸರಿರಲಿಲ್ಲ. ವೈಟ್ ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರಾರ್ಥನೆ ಮಾಡಿ, ಬೆಳಿಗ್ಗೆ ಬಂದು ‘ಜುಬಿಲಿ ಸಿಂಗರ್ಸ್’ ಅಂತ ಇಟ್ಟ. ಬೈಬಲ್‌ನ ಹಳೇ ಒಡಂಬಡಿಕೆಯಲ್ಲಿ ಐವತ್ತು ವರ್ಷಕ್ಕೊಮ್ಮೆ ಬರುವ ಜುಬಿಲಿ ವರ್ಷ, ಅಡಿಯಾಳುಗಳಿಗೆ ಬಿಡುಗಡೆಯಾಗುವ ವರ್ಷ. ಚರ್ಚಿಗೆ ಹೋಗುವ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲದ ಹೆಸರು. ಮಸಿ ಬಳಿದ ಆಟದವರು ನಾವಲ್ಲ ಅಂತ ಒಂದೇ ಮಾತಲ್ಲಿ ಹೇಳಿದ ಹಾಗೂ ಆಯಿತು.

ಡಿಸೆಂಬರ್‌ನಲ್ಲಿ ನ್ಯೂಯಾರ್ಕ್. ಬ್ರೂಕ್ಲಿನ್‌ನ ಪ್ಲಿಮತ್ ಚರ್ಚ್‌ನಲ್ಲಿ ಹೆನ್ರಿ ವಾರ್ಡ್ ಬೀಚರ್ ಆಗಿನ ಅಮೆರಿಕದ ಅತಿ ಪ್ರಸಿದ್ಧ ಪಾದ್ರಿ. ಇವರ ಹಾಡು ಕೇಳಿದವನು ಎದ್ದು ನಿಂತು, ನಾನೀಗ ಮಾಡುವುದನ್ನೇ ಇಲ್ಲಿರುವ ಪ್ರತಿಯೊಬ್ಬರೂ ಮಾಡಬೇಕು ಅಂತ ಹೇಳಿ ತನ್ನ ಜೇಬುಗಳನ್ನು ಒಳಗು ಹೊರಗು ಮಾಡಿ ಕೊಡವಿದ. ಇನ್ನು ಕೇಳಬೇಕೇ! ಪತ್ರಿಕೆಗಳು ಲೇವಡಿ ಮಾಡಿದವು, ಅದರಿಂದ ಜನ ಇನ್ನೂ ಜಾಸ್ತಿ ಬಂದರು. 1872ರ ಮಾರ್ಚ್ ಹೊತ್ತಿಗೆ ಶ್ವೇತಭವನದಲ್ಲಿ ಅಧ್ಯಕ್ಷ ಗ್ರಾಂಟ್ ಮುಂದೆ ಹಾಡುತ್ತಿದ್ದರು.

ಲೆಕ್ಕ

ಮೊದಲ ತಿರುಗಾಟದ ಗುರಿ 20,000 ಡಾಲರ್ ಎಂದು ಸಾರಿ ಹೇಳಿದ್ದರು. ಅಷ್ಟನ್ನೂ ತಂದರು. ಸಾಲ ತೀರಿತು, ಊರಿನ ಉತ್ತರಕ್ಕೆ ಫೋರ್ಟ್ ಗಿಲೆಮ್ ಎಂಬ ಹಳೇ ಕೋಟೆ ಇದ್ದ ಎತ್ತರದ ಜಾಗ ಕೊಂಡರು.

1873ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಲಾರ್ಡ್ ಶಾಫ್ಟ್ಸ್‌ಬರಿ ಕಾರ್ಯಕ್ರಮ ಏರ್ಪಡಿಸಿದ, ರಾಣಿ ವಿಕ್ಟೋರಿಯಾ ಕೇಳಿದಳು, ಪ್ರಧಾನಿ ಗ್ಲಾಡ್‌ಸ್ಟನ್ ಮನೆಗೆ ಕರೆದ. ಮಾರ್ಕ್ ಟ್ವೈನ್ ಲಂಡನ್ನಿನ ಗೆಳೆಯರಿಗೆ ಇವರನ್ನು ಹೊಗಳಿ ಪತ್ರ ಬರೆದಿದ್ದ. ಮುಂದಿನ ವರ್ಷ ವಾಪಸಾದಾಗ ಕೈಯಲ್ಲಿ ಹತ್ತಿರ ಹತ್ತಿರ 50,000 ಡಾಲರ್. ಆ ದುಡ್ಡಲ್ಲಿ ಎದ್ದದ್ದೇ ಜುಬಿಲಿ ಹಾಲ್. ಗೋಪುರ ಇರುವ ಆರು ಅಂತಸ್ತಿನ ಇಟ್ಟಿಗೆ ಕಟ್ಟಡ. 1876ರ ಜನವರಿ 1ರಂದು ಬಾಗಿಲು ತೆರೆಯಿತು. ಅಧ್ಯಕ್ಷ ಲಿಂಕನ್‌ನ ಗುಲಾಮರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದೂ ಜನವರಿ 1ರಂದೇ, 1863ರಲ್ಲಿ. ದಿನ ಸುಮ್ನೆ ಆರಿಸಿದ್ದಲ್ಲ. ಮೂರನೇ ತಿರುಗಾಟ 1875ರಿಂದ 1878ರವರೆಗೆ ಯುರೋಪಿನಲ್ಲಿ, ಹಾಲೆಂಡ್, ಜರ್ಮನಿ ಎಲ್ಲ. ಏಳು ವರ್ಷದ ಒಟ್ಟು ಸಂಪಾದನೆ ಸುಮಾರು 1,50,000 ಡಾಲರ್.

ದುಡ್ಡು ಎತ್ತಿದ ರೀತಿಯನ್ನೂ ಗಮನಿಸಿ. ಮುಂಚೆಯೇ ಒಬ್ಬ ಮನುಷ್ಯ ಊರಿಗೆ ಹೋಗಿ ಪಾದ್ರಿಗಳನ್ನು ಕಂಡು ಜಾಗ ಗೊತ್ತು ಮಾಡಿ ಬರುತ್ತಿದ್ದ. ದೊಡ್ಡವರ ಪತ್ರಗಳನ್ನು ಪ್ರಚಾರಕ್ಕೆ ಬಳಸುತ್ತಿದ್ದರು. ಹಾಡಿನ ನಡುವೆ ಕಾಲೇಜಿನ ಬಗ್ಗೆ ನಾಲ್ಕು ಮಾತು. ಬಾಗಿಲಲ್ಲಿ ಹಾಡುಗಳ ಪುಸ್ತಕ, ಹಾಡುವವರ ಜೀವನ ಕಥೆ ಮಾರಾಟಕ್ಕೆ. ಅಂದರೆ ಬೆಂಜಮಿನ್ ಹೋಮ್ಸ್ ಚಾರ್ಲ್ಸ್‌ಟನ್ನಿನ ಗುಲಾಮರ ದೊಡ್ಡಿಯಲ್ಲಿ ಕೂತು ವಿಮೋಚನಾ ಘೋಷಣೆಯನ್ನು ಉಳಿದವರಿಗೆ ಓದಿ ಹೇಳಿದ ಕಥೆ, ಥಾಮಸ್ ರಟ್ಲಿಂಗ್‌ನ ಅಮ್ಮನನ್ನು ಅವನ ಕಣ್ಣೆದುರೇ ಮಾರಿ ಕಳಿಸಿದ ಕಥೆ, ಇವನ್ನೆಲ್ಲ ನೀವು ಕಾರ್ಯಕ್ರಮ ಮುಗಿಸಿ ಹೋಗುವಾಗ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಇವತ್ತು ಯಾವ ಸಂಸ್ಥೆಯೇ ಆಗಲಿ ಚಂದಾ ಎತ್ತುವಾಗ ಫಲಾನುಭವಿಯ ಫೋಟೋ, ಕಥೆ ಹಾಕುತ್ತಲ್ಲ, ಆ ಪದ್ಧತಿಯ ಹಳೇ ಉದಾಹರಣೆ ಇದು. ಕೆಲಸ ಮಾಡುತ್ತೆ. ನೋಡೋಕೆ ಮುಜುಗರ ಆಗುತ್ತೆ. ಎರಡೂ ನಿಜ.

ಇದನ್ನು ನೋಡಿ ಬೇರೆಯವರೂ ಹೊರಟರು. ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯ ವಿದ್ಯಾರ್ಥಿಗಳು 1873ರಲ್ಲಿ ಹಾಡುತ್ತಾ ಹೋಗಿ ತಮ್ಮ ವರ್ಜೀನಿಯಾ ಹಾಲ್‌ಗೆ ದುಡ್ಡು ಕೂಡಿಸಿದರು. ಹಿಂದೆ ಯಾವ ಶಾಲೆಯೂ ಇಲ್ಲದ ನಕಲಿ ‘ಜುಬಿಲಿ’ ತಂಡಗಳೂ ಹುಟ್ಟಿಕೊಂಡವು. ಫಿಸ್ಕ್‌ನ ಮೂರನೇ ತಿರುಗಾಟಕ್ಕೆ ಸೇರಿದ್ದ ಫ್ರೆಡರಿಕ್ ಲೌಡಿನ್ ಕಾಲೇಜಿನ ಹಂಗಿಲ್ಲದೆ ತನ್ನದೇ ತಂಡ ಕಟ್ಟಿ 1884ರಿಂದ ಆರು ವರ್ಷ ಜಗತ್ತು ಸುತ್ತಿದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಗಿಸಿಕೊಂಡು ನಮ್ಮ ಭಾರತಕ್ಕೂ ಬಂದು ಹಾಡಿ ಹೋದ.

ಯಾರ ಖರ್ಚಿನಲ್ಲಿ?

ಇಷ್ಟು ಓದಿದರೆ ಇದು ಗೆದ್ದ ಕಥೆ. ಕಟ್ಟಡ ನಿಂತಿದೆ, ಈಗಲೂ ಇದೆ. ಆದರೆ ಪ್ರಕರಣ ಅಧ್ಯಯನ ಅಂದಮೇಲೆ ಖರ್ಚಿನ ಕಾಲಮ್ಮೂ ತುಂಬಬೇಕಲ್ವಾ?

ಮೊದಲ ತಿರುಗಾಟದಲ್ಲಿ ಹಾಡಿದವರಿಗೆ ಸಂಬಳ ಇರಲಿಲ್ಲ, ಆಮೇಲೆ ಗೊತ್ತು ಮಾಡಿದರು. ವಾರದಲ್ಲಿ ಹಲವು ರಾತ್ರಿ ಹಾಡು, ಹಗಲು ಪ್ರಯಾಣ, ನಡುವೆ ಸಭೆ, ಚಹಾಕೂಟ, ಭಾನುವಾರ ಚರ್ಚು. ವೈಟ್ ರಕ್ತ ಕಾರುವಷ್ಟು ಕ್ಷಯದಿಂದ ಬಳಲಿದ. ಅವನ ಹೆಂಡತಿ ಲಾರಾ 1874ರಲ್ಲಿ ಗ್ಲಾಸ್ಗೋದಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು. ಹೋಮ್ಸ್ ಕೂಡ ಕ್ಷಯಕ್ಕೆ ತುತ್ತಾದ, ಚಿಕ್ಕ ವಯಸ್ಸಿನಲ್ಲೇ. ಎಲಾ ಸದಾ ಏನಾದರೊಂದು ಕಾಯಿಲೆಯಲ್ಲೇ ಪಿಯಾನೊ ಮುಂದೆ ಕೂರುತ್ತಿದ್ದಳು, ವೈಟ್ ಮಲಗಿದಾಗ ತಂಡ ನಡೆಸುವ ಭಾರವೂ ಅವಳದೇ. ಕಾಲೇಜಿನ ಕಡೆಯಿಂದ ಇನ್ನಷ್ಟು ಬೇಕು, ಇನ್ನಷ್ಟು ಬೇಕು ಅನ್ನುವ ಒತ್ತಾಯ ನಿಲ್ಲಲಿಲ್ಲ. ತಂಡದೊಳಗೆ ಜಗಳ, ಬೇಸರ. 1878ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಎಲ್ಲ ಮುಗಿಸಿ ಚದುರಿದರು. ಡಿಕರ್‌ಸನ್ ಮತ್ತು ರಟ್ಲಿಂಗ್ ಬ್ರಿಟನ್ನಿನಲ್ಲೇ ಉಳಿದುಬಿಟ್ಟರು.

ಇನ್ನೊಂದು ಮಾತು ಹೇಳಲೇಬೇಕು. ಆ ಮೊದಲ ಒಂಬತ್ತು ಮಂದಿಯಲ್ಲಿ ಒಬ್ಬರೂ ಫಿಸ್ಕ್‌ನಲ್ಲಿ ಪದವಿ ಮುಗಿಸಲಿಲ್ಲ. ಓದೋಕೆ ಅಂತ ಬಂದವರು, ಓದುವ ಜಾಗ ಉಳಿಸೋಕೆ ಹೋಗಿ ಓದನ್ನೇ ಬಿಟ್ಟರು. ಅವರು ಊರೂರು ಸುತ್ತುತ್ತಿದ್ದಾಗ, 1875ರಲ್ಲಿ, ಕಾಲೇಜಿನ ಮೊದಲ ತಂಡ ಪದವಿ ತೆಗೆದುಕೊಂಡು ಹೊರಬಿತ್ತು.

ಹಾಗಾದರೆ ದಾನಿ ಯಾರು? ಬ್ರೂಕ್ಲಿನ್‌ನಲ್ಲಿ ಜೇಬು ಕೊಡವಿದ ಬೀಚರ್ ಒಂದು ರಾತ್ರಿ ಕೊಟ್ಟ. ಒಳ್ಳೇದೇ. ಮಿನ್ನಿ ಟೇಟ್ ಹದಿನಾಲ್ಕನೇ ವಯಸ್ಸಿನಿಂದ ಕೊಟ್ಟಳು. ಚಂದಾ ಪುಸ್ತಕದಲ್ಲಿ ಮೊದಲನೆಯದು ಜಮೆ ಆಗುತ್ತೆ, ರಸೀದಿ ಸಿಗುತ್ತೆ. ಎರಡನೆಯದಕ್ಕೆ ಕಾಲಮ್ಮೇ ಇಲ್ಲ. ಬೇಕಾದರೆ ನೀವು ಇದನ್ನು ಅತಿ ಅನ್ನಿ. ಆದರೆ ಈ ಕಾಲೇಜುಗಳ ಇತಿಹಾಸವನ್ನು ಬರೀ ಬಿಳಿ ಕೈಗಳು ಕೊಟ್ಟ ದುಡ್ಡಿನ ಇತಿಹಾಸವಾಗಿ ಹೇಳುವಾಗ ತಪ್ಪಿಹೋಗೋದು ಈ ಎರಡನೇ ಕಾಲಮ್ಮೇ.

ಕಟ್ಟಡ ಎದ್ದಿತು, ಕಷ್ಟ ತೀರಲಿಲ್ಲ

ಚಂದಾ ಎತ್ತಿದವರಿಗೆಲ್ಲ ಗೊತ್ತಿರುವ ಸತ್ಯ ಒಂದಿದೆ. ಗೋಡೆಗೆ ಕೊಡುವವರು ಸಿಗುತ್ತಾರೆ, ಮೇಷ್ಟರ ಸಂಬಳಕ್ಕೆ ಸಿಗುವುದಿಲ್ಲ. ಜುಬಿಲಿ ಹಾಲ್ ಬಂತು, ತಿಂಗಳ ಖರ್ಚಿಗೆ ದತ್ತಿ ನಿಧಿ ಬರಲಿಲ್ಲ. ಫಿಸ್ಕ್ ಮತ್ತೆ ಮತ್ತೆ ಸಾಲಕ್ಕೆ ಬಿತ್ತು.

ಅಷ್ಟರಲ್ಲಿ ದೊಡ್ಡ ದುಡ್ಡಿನ ಕಾಲ ಬಂದಿತ್ತು. 1882ರಲ್ಲಿ 10 ಲಕ್ಷ ಡಾಲರಿನ ಸ್ಲೇಟರ್ ಫಂಡ್, 1902ರಲ್ಲಿ ರಾಕ್‌ಫೆಲರ್ ದುಡ್ಡಿನ ಜನರಲ್ ಎಜುಕೇಷನ್ ಬೋರ್ಡ್. ಇವರಿಗೆ ಇಷ್ಟವಾಗಿದ್ದು ಹ್ಯಾಂಪ್ಟನ್, ಅಲಬಾಮಾದ ಟಸ್ಕೀಗೀ ಮಾದರಿ. ಅಂದರೆ ಮರಗೆಲಸ, ಇಟ್ಟಿಗೆ ಕೆಲಸ, ಬೇಸಾಯ, ಅಡುಗೆ ಕಲಿಸುವ ಶಾಲೆ. ದಕ್ಷಿಣದ ಬಿಳಿಯರೂ ಅದಕ್ಕೆ ತಕರಾರು ತೆಗೆಯುತ್ತಿರಲಿಲ್ಲ. ಟಸ್ಕೀಗೀಯ ಮುಖ್ಯಸ್ಥ ಬೂಕರ್ ಟಿ. ವಾಷಿಂಗ್ಟನ್‌ಗೆ ಕಾರ್ನೆಗಿ 1903ರಲ್ಲಿ ಒಂದೇ ಏಟಿಗೆ 6 ಲಕ್ಷ ಡಾಲರ್ ಕೊಟ್ಟ. ಗ್ರೀಕ್, ಲ್ಯಾಟಿನ್, ಗಣಿತ ಕಲಿಸುತ್ತಿದ್ದ ಫಿಸ್ಕ್‌ಗೆ ಅಂಥ ಭಾಗ್ಯ ಇರಲಿಲ್ಲ. ಕಪ್ಪು ಹುಡುಗರಿಗೆ ಗ್ರೀಕ್ ಯಾಕೆ ಅನ್ನುವ ಪ್ರಶ್ನೆ ಚೆಕ್ ಬರೆಯುವವರ ಬಾಯಲ್ಲೇ ಇತ್ತು.

1920ರ ದಶಕದಲ್ಲಿ ಕೊನೆಗೂ ಬೋರ್ಡು ಒಪ್ಪಿತು. ಫಿಸ್ಕ್‌ನ ಅಧ್ಯಕ್ಷ ಫಯೆಟ್ ಮೆಕೆಂಜಿ ಓಡಾಡಿ 1924ರ ಹೊತ್ತಿಗೆ 10 ಲಕ್ಷ ಡಾಲರಿನ ದತ್ತಿ ನಿಧಿ ಕೂಡಿಸಿದ. ಕಪ್ಪು ಕಾಲೇಜೊಂದಕ್ಕೆ ಅಷ್ಟು ದೊಡ್ಡ ನಿಧಿ ಅಪರೂಪ. ಆದರೆ ದಾನಿಗಳಿಗೆ, ಊರಿನ ಬಿಳಿಯರಿಗೆ ಕಾಲೇಜು ಶಿಸ್ತಾಗಿ ಕಾಣಬೇಕಿತ್ತು. ವಿದ್ಯಾರ್ಥಿ ಸಂಘ ರದ್ದಾಯಿತು. ವಿದ್ಯಾರ್ಥಿ ಪತ್ರಿಕೆ ನಿಂತಿತು. ಹುಡುಗಿಯರು ಎಂಥ ಕಾಲುಚೀಲ ಹಾಕಬೇಕು ಅನ್ನೋದಕ್ಕೂ ನಿಯಮ. ಇದೇ ಫಿಸ್ಕ್‌ನಲ್ಲಿ 1888ರಲ್ಲಿ ಪದವಿ ಪಡೆದ, ಕಪ್ಪು ಜನರ ಹೆಸರಾಂತ ಚಿಂತಕ ಡು ಬಾಯ್ಸ್, ಮಗಳ ಪದವಿ ಸಮಾರಂಭಕ್ಕೆ ಅಂತ 1924ರಲ್ಲಿ ಬಂದವರು, ವೇದಿಕೆ ಹತ್ತಿ ಅಧ್ಯಕ್ಷನ ಎದುರೇ ತರಾಟೆಗೆ ತೆಗೆದುಕೊಂಡರು. 1925ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅಧ್ಯಕ್ಷ ಪೊಲೀಸರನ್ನು ಕರೆಸಿದ. ಏಪ್ರಿಲ್ ಹೊತ್ತಿಗೆ ರಾಜೀನಾಮೆ ಕೊಟ್ಟು ಹೋಗಬೇಕಾಯಿತು.

ಹೋಲಿಸಿ ನೋಡಿ. 1872ರ ದುಡ್ಡಿಗೂ ಷರತ್ತು ಇತ್ತು. ಕೇಳುವವರಿಗೆ ಬೇಕಾದ ಹಾಡು, ಬೇಕಾದ ವಿನಯ, ಬೇಕಾದ ಭಕ್ತಿ. ಆದರೆ ಅದು ಸಾವಿರಾರು ಸಣ್ಣ ಕೈಗಳಿಂದ ಬಂದ ದುಡ್ಡು. ನಾಳೆಯಿಂದ ಗ್ರೀಕ್ ನಿಲ್ಲಿಸಿ ಅಂತ ಹೇಳುವಷ್ಟು ದೊಡ್ಡವನು ಅದರಲ್ಲಿ ಒಬ್ಬನೂ ಇರಲಿಲ್ಲ. 1924ರ ದುಡ್ಡಿನ ಹಿಂದೆ ಕೆಲವೇ ಕುರ್ಚಿಗಳಿದ್ದವು. 1943ರಲ್ಲಿ ಟಸ್ಕೀಗೀಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್‌ಸನ್ ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಯಲ್ಲಿ, ನಾವು ಒಬ್ಬೊಬ್ಬರೇ ಜೋಳಿಗೆ ಹಿಡಿಯೋದು ಬಿಟ್ಟು ಎಲ್ಲ ಸೇರಿ ಎತ್ತೋಣ ಅನ್ನುವ ಅರ್ಥದಲ್ಲಿ ಬರೆದರು. ಮರುವರ್ಷ 27 ಕಾಲೇಜುಗಳು ಕೂಡಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಕಟ್ಟಿದವು. ಫಿಸ್ಕ್ ಕೂಡ ಸೇರಿತು. ಸಣ್ಣ ಕೈಗಳ ಲೆಕ್ಕ ಮತ್ತೆ ಶುರುವಾಯಿತು.

ಆದರೂ ಫಿಸ್ಕ್‌ನ ಕಷ್ಟಕ್ಕೆ ಕೊನೆ ಇರಲಿಲ್ಲ. 1949ರಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅಲ್ಲಿಗೆ 101 ಕಲಾಕೃತಿಗಳನ್ನು ದಾನ ಕೊಟ್ಟಿದ್ದರು. 2005ರಲ್ಲಿ ಖರ್ಚು ತೂಗಿಸೋಕಾಗದೆ ಕಾಲೇಜು ಅದರಲ್ಲಿ ಎರಡನ್ನು ಮಾರಲು ಹೊರಟಿತು. ದಾನ ಕೊಟ್ಟವರ ಷರತ್ತು ಅಡ್ಡ ಬಂತು, ವರ್ಷಗಟ್ಟಲೆ ಕೋರ್ಟು. 2012ರಲ್ಲಿ ಅರ್ಕಾನ್ಸಾದ ಒಂದು ಮ್ಯೂಸಿಯಂ ಜೊತೆ 3 ಕೋಟಿ ಡಾಲರಿಗೆ ಪಾಲು ಹಂಚಿಕೊಂಡು, ಚಿತ್ರಗಳು ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಅಂತ ಇತ್ಯರ್ಥವಾಯಿತು.

ಎಲಾ ಶೆಪರ್ಡ್ ಏನಾದಳು? ಹಾಡಿ ಬಂದ ಸಂಬಳದಲ್ಲಿ ನ್ಯಾಶ್‌ವಿಲ್‌ನಲ್ಲಿ ಮನೆ ಮಾಡಿದಳು. ಮಿಸಿಸಿಪ್ಪಿಯಲ್ಲಿದ್ದ, ತಾನು ಮೂರು ವರ್ಷದವಳಿದ್ದಾಗ ಬೇರೆಯಾಗಿದ್ದ ಅಮ್ಮನನ್ನು ಹುಡುಕಿ ಕರೆದುಕೊಂಡು ಬಂದು ಜೊತೆಗಿಟ್ಟುಕೊಂಡಳು. 1914ರಲ್ಲಿ ತೀರಿಕೊಂಡಳು. ಊರಿನ ಹಳೇ ಸ್ಮಶಾನದಲ್ಲಿ ಅವಳ ಸಮಾಧಿ ಇದೆ.

1978ರಲ್ಲಿ, ತಂಡ ಚದುರಿ ಸರಿಯಾಗಿ ನೂರು ವರ್ಷದ ಮೇಲೆ, ಫಿಸ್ಕ್ ಆ ಮೊದಲ ಹಾಡುಗಾರರಿಗೆ ಮರಣೋತ್ತರ ಗೌರವ ಡಾಕ್ಟರೇಟ್ ಕೊಟ್ಟಿತು. ಪ್ರತಿ ವರ್ಷ ಅಕ್ಟೋಬರ್ 6ರಂದು ಕಾಲೇಜಿನಲ್ಲಿ ಜುಬಿಲಿ ದಿನ. ಈಗಿನ ಹಾಡುಗಾರರು ಸಭೆ ಮುಗಿಸಿ ಸ್ಮಶಾನಕ್ಕೆ ಹೋಗಿ, ಹಳಬರ ಸಮಾಧಿಗಳ ಮುಂದೆ ನಿಂತು ಹಾಡುತ್ತಾರೆ. ಅಲ್ಲಿ ತಟ್ಟೆ ತಿರುಗಿಸುವುದಿಲ್ಲ.